ಥಂಡಿ ದಿನಗಳಲ್ಲಿ ಮನೆಯೊಳಗೆ: ಕೌದಿ ಇರಲಿ, ಕೆಂಡ ಬೇಡ

ನಮ್ಮಣ್ಣ ಸೈನ್ಯದಲ್ಲಿದ್ದಾಗ ಎರಡು ಚಳಿಗಾಲ ಕಾಶ್ಮೀರದಲ್ಲಿ ಕಳೆದ. ಬನಿಹಾಳದ ಹತ್ತಿರ ಹಿಮ ಬಿದ್ದು ಹೆದ್ದಾರಿ ಬಂದ್ ಆಯಿತೆಂದರೆ ಮುಗಿಯಿತು, ಯಾರೂ ಎಲ್ಲಿಗೂ ಹೋಗುವಂತಿಲ್ಲ. ಅಲ್ಲಿ ಡಿಸೆಂಬರ್ 21ರಿಂದ 40 ದಿನದ ಕಡು ಚಳಿಗೆ ಚಿಲ್ಲೈ ಕಲಾನ್ ಅನ್ನುತ್ತಾರೆ. ಊರಿನ ಜನ ಬೇಸಿಗೆಯಲ್ಲೇ ಸೋರೆಕಾಯಿ, ಬದನೆಕಾಯಿ, ಟೊಮೆಟೊ ಹೆಚ್ಚಿ ಒಣಗಿಸಿ ಇಟ್ಟುಕೊಂಡಿರುತ್ತಾರಂತೆ. ಹಿಮ ಬಿದ್ದ ಮೇಲೆ ಅದೇ ಪಲ್ಯ. ಫೋನ್ ಮಾಡಿದಾಗಲೆಲ್ಲ ಅವ್ವ ಕೇಳುತ್ತಿದ್ದಳು, "ಅಷ್ಟ ಥಂಡ್ಯಾಗ ಹೆಂಗ ಇರ್ತೀಯೋ ಮಗನ?" ಅವನ ಉತ್ತರ ಯಾವಾಗಲೂ ಒಂದೇ: "ಮೊದಲ ತಯಾರಿ ಮಾಡ್ಕೊಂಡ್ರ ಏನೂ ಆಗೂದಿಲ್ಲವ್ವ."

ವಿಜಯಪುರದಲ್ಲಿ ಹಿಮ ಬೀಳುವುದಿಲ್ಲ. ಆದರೆ ಡಿಸೆಂಬರ್, ಜನವರಿಯಲ್ಲಿ ನಾಲ್ಕೈದು ದಿನ ಬರುತ್ತವೆ ನೋಡಿ, ಆಗ ವಯಸ್ಸಾದವರು, ಬಾಣಂತಿಯರು, ಕೂಸುಗಳು ಮನೆ ಬಿಟ್ಟು ಹೊರಗೆ ಬರುವ ಹಾಗೇ ಇರುವುದಿಲ್ಲ. ನಮ್ಮದು ಬಯಲು ನಾಡು. ಸಮುದ್ರ ದೂರ, ಗಾಳಿ ಒಣ. ಮೋಡವಿಲ್ಲದ ರಾತ್ರಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಅದರ ಮೇಲೆ ಉತ್ತರದ ಕಡೆಯಿಂದ ಗಾಳಿ ಬೀಸಿದರೆ ಬೆಳಗಿನ ಜಾವ ತಾಪಮಾನ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಬಯಲು ಪ್ರದೇಶದಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕೂ ಕಡಿಮೆಯಾಗಿ, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಕುಸಿದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎನ್ನುತ್ತದೆ. ಪೇಪರಿನಲ್ಲಿ, ಟಿವಿಯಲ್ಲಿ ಆ ಮುನ್ಸೂಚನೆ ಬಂದರೆ ಒಂದು ವಾರ ಮನೆ ಹಿಡಿದು ಕೂರುವ ತಯಾರಿ ಶುರು ಮಾಡಿ.

ಎಪ್ಪತ್ತಾರು ವರ್ಷದ ಅವ್ವನನ್ನು ನೋಡಿಕೊಳ್ಳುತ್ತಾ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಒಂದು ಪಾಠ ಮಾತ್ರ ತುಂಬಾ ಹೆದರಿಸಿ ಕಲಿಸಿತು. ಅದನ್ನೇ ಮೊದಲು ಹೇಳುತ್ತೇನೆ.

ಮೊದಲ ಹೆಜ್ಜೆ: ಶೇಗಡಿಯನ್ನು ಮನೆಯಿಂದ ಹೊರಗಿಡಿ

ಬಸವನಬಾಗೇವಾಡಿ ಕಡೆಯ ನಮ್ಮ ಹಳ್ಳಿ ಮನೆ ಮಣ್ಣಿನ ಮಾಳಿಗೆಯದು. ದಪ್ಪ ಗೋಡೆ, ಸಣ್ಣ ಬಾಗಿಲು. ಥಂಡಿ ಹೆಚ್ಚಾದರೆ ಅಜ್ಜಿ ಕುಳ್ಳಿನ ಕೆಂಡವನ್ನು ಶೇಗಡಿಯಲ್ಲಿ ತುಂಬಿ ಪಡಸಾಲೆಯ ನಡುವೆ ಇಡುತ್ತಿದ್ದಳು. ಎಲ್ಲರೂ ಸುತ್ತ ಕೂತು ಕೈ ಕಾಸಿಕೊಳ್ಳುತ್ತಿದ್ದೆವು. ಯಾರಿಗೂ ಏನೂ ಆಗಲಿಲ್ಲ.

ವಿಜಯಪುರದಲ್ಲಿ ನಾವು ಕಟ್ಟಿಸಿದ್ದು ಸ್ಲ್ಯಾಬಿನ ಮನೆ. ಇಲ್ಲಿಗೆ ಬಂದ ಮೊದಲ ಜನವರಿಯಲ್ಲೇ ಅವ್ವನಿಗೆ ಥಂಡಿ ತಡೆಯಲು ಆಗಲಿಲ್ಲ. ನಾನು ಅಜ್ಜಿ ಮಾಡಿದಂತೆಯೇ ಮಾಡಿದೆ. ಇದ್ದಿಲನ್ನು ಹೊರಗೆ ಚೆನ್ನಾಗಿ ಉರಿಸಿ, ಹೊಗೆಯೆಲ್ಲ ಹೋದ ಮೇಲೆ, ಕೆಂಪು ಕೆಂಡವನ್ನು ಅವ್ವನ ಕೋಣೆಯಲ್ಲಿಟ್ಟೆ. ಕಿಟಕಿ ಜರುಗಿಸಿ ಮುಚ್ಚಿದೆ. ಬಾಗಿಲ ಕೆಳಗಿನ ಸಂದಿಗೆ ಹಳೆ ಬಟ್ಟೆ ತುರುಕಿದೆ. ಕೋಣೆ ಎಷ್ಟು ಬೆಚ್ಚಗಾಯಿತೆಂದರೆ ನನಗೇ ಸಮಾಧಾನವಾಯಿತು. ಗಂಟೆಯೊಳಗೆ ಅವ್ವ ತಲೆನೋವು ಅಂದಳು. ಆಮೇಲೆ ವಾಂತಿ ಮಾಡಿಕೊಂಡಳು. ಪಿತ್ತ ಆಗಿರಬೇಕು ಅಂದುಕೊಂಡು ನಿಂಬೆಹಣ್ಣು ತರಲು ಎದ್ದೆ. ಎದ್ದಾಗ ನನಗೂ ತಲೆ ತಿರುಗಿತು. ಅದೇ ಹೊತ್ತಿಗೆ ಅಣ್ಣನ ಫೋನ್ ಬಂತು. ನಾನು ಹೇಳಿ ಮುಗಿಸುವ ಮೊದಲೇ ಅವನು ಕೂಗಿದ: "ತಂಗಿ, ಮೊದಲ ಬಾಗಲಾ ತಗಿ! ಅವ್ವನ್ನ ಹೊರಗ ಕರ್ಕೊಂಡ ಬಾ! ಹೊಗಿ ಕಾಣಲಿಲ್ಲಂದ್ರ ವಿಷ ಇಲ್ಲ ಅಂತಲ್ಲ!"

ಅವ್ವನನ್ನು ಎತ್ತಿಕೊಂಡೇ ಹೊರಗಿನ ಕಟ್ಟೆಗೆ ತಂದೆ. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ಉಳಿದಳು. ಆ ಫೋನ್ ಬಾರದೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಕೈ ನಡುಗುತ್ತದೆ.

ಕೆಂಡ ಉರಿಯಲು ಆಮ್ಲಜನಕ ಬೇಕು. ಅದು ಸಾಲದೆ ಹೋದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಜಾಸ್ತಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಟ ನಡೆದೇ ಇರುತ್ತದೆ, ಆದರೆ ಮಿದುಳಿಗೆ, ಹೃದಯಕ್ಕೆ ಆಮ್ಲಜನಕ ತಲುಪುವುದಿಲ್ಲ. ಮಲಗಿದ್ದವರಿಗಂತೂ ಎಚ್ಚರವೇ ಆಗುವುದಿಲ್ಲ. ಹೊಗೆಯಾಡದ ಕೆಂಡ ಸುರಕ್ಷಿತ ಎಂದು ನಾವು ನಂಬಿದ್ದೇವಲ್ಲ, ಅದೇ ದೊಡ್ಡ ತಪ್ಪು. ಹೊಗೆಯಿದ್ದರೆ ಕೆಮ್ಮು ಬಂದು ಎದ್ದು ಹೋಗುತ್ತೇವೆ. ಕೆಂಡ ಸುಮ್ನೆ ಕೂತಿರುತ್ತದೆ.

ಹಾಗಾದರೆ ಅಜ್ಜಿಗೆ ಯಾಕೆ ಏನೂ ಆಗಲಿಲ್ಲ? ಈ ಪ್ರಶ್ನೆಯನ್ನು ನನಗೆ ಎಷ್ಟೋ ಜನ ಕೇಳಿದ್ದಾರೆ. ಮಾಳಿಗೆ ಮನೆಯಲ್ಲಿ ನೆತ್ತಿಯ ಮೇಲೆ ಬೆಳಕಿಂಡಿ ಇರುತ್ತಿತ್ತು. ಕಟ್ಟಿಗೆಯ ಬಾಗಿಲು ಎಷ್ಟು ಮುಚ್ಚಿದರೂ ಸಂದು ಉಳಿಯುತ್ತಿತ್ತು. ಪಡಸಾಲೆ ದೊಡ್ಡದು. ಬಿಸಿ ಗಾಳಿ ಮೇಲೆ ಹೋಗಿ ಬೆಳಕಿಂಡಿಯಿಂದ ಹೊರಬೀಳುತ್ತಿತ್ತು, ಕೆಳಗಿನಿಂದ ಹೊಸ ಗಾಳಿ ಬರುತ್ತಿತ್ತು. ಈಗಿನ ಹತ್ತು ಅಡಿಯ ಕೋಣೆಯಲ್ಲಿ ಬೆಳಕಿಂಡಿ ಇಲ್ಲ. ಅಲ್ಯೂಮಿನಿಯಂ ಕಿಟಕಿ ಮುಚ್ಚಿದರೆ ಗಾಳಿ ಆಡುವುದೇ ಇಲ್ಲ. ಅಜ್ಜಿಯ ರೂಢಿಯನ್ನು ಇಟ್ಟುಕೊಂಡೆವು, ಅದಕ್ಕೆ ತಕ್ಕ ಮನೆಯನ್ನು ಬಿಟ್ಟೆವು. ಹಾಗಂತ ಹಳೆ ಮನೆಯಲ್ಲಿದ್ದವರು ಈಗಲೂ ಕೆಂಡ ಇಟ್ಟುಕೊಂಡು ಮಲಗಿ ಅಂತ ಅಲ್ಲ. ಅಲ್ಲೂ ಬೇಡ.

ಕಾಶ್ಮೀರದವರು ಕಾಂಗ್ರಿ ಎಂಬ ಕೆಂಡದ ಮಡಕೆಯನ್ನು ಫೆರನ್ ಎಂಬ ದೊಗಲೆ ನಿಲುವಂಗಿಯ ಒಳಗೆ ಹಿಡಿದುಕೊಳ್ಳುತ್ತಾರಲ್ಲ ಅಂತ ಕೆಲವರು ಹೇಳಬಹುದು. ಅದರಿಂದ ಅಲ್ಲೂ ಸುಟ್ಟ ಗಾಯಗಳಾಗುತ್ತವೆ, ಮುಚ್ಚಿದ ಕೋಣೆಯಲ್ಲಿ ಅದರ ಅಪಾಯವೂ ಇದೇ. ಸೈನಿಕರ ಕೋಣೆಯಲ್ಲಿ ಬುಖಾರಿ ಎಂಬ, ಕೋಣೆ ಕಾಯಿಸುವ ಒಲೆ ಇರುತ್ತದೆ. ಅದಕ್ಕೆ ಹೊಗೆ ಹೊರಗೆ ಹೋಗಲು ಕೊಳವೆ ಇದೆ. ಇದ್ದರೂ ಮಲಗುವ ಮೊದಲು ಕಿಟಕಿಯ ಸಂದು ತೆರೆದಿದೆಯಾ ಅಂತ ಒಬ್ಬರು ನೋಡಿಯೇ ಮಲಗುತ್ತಿದ್ದರು ಎನ್ನುತ್ತಾನೆ ಅಣ್ಣ.

ಆದ್ದರಿಂದ ಇದ್ದಿಲು, ಕುಳ್ಳು, ಕಟ್ಟಿಗೆ, ಸೀಮೆಎಣ್ಣೆ ಒಲೆ, ಗ್ಯಾಸ್ ಒಲೆ ಯಾವುದನ್ನೂ ಕೋಣೆ ಕಾಯಿಸಲು ಉರಿಸಬೇಡಿ. ಬೆಂಕಿ ಕಾಸಲೇಬೇಕೆಂದರೆ ಅಂಗಳದಲ್ಲಿ ಕಾಸಿ, ಪೂರ್ತಿ ನಂದಿಸಿ ಒಳಗೆ ಬನ್ನಿ. ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವ ರೂಢಿ ನಮ್ಮ ಕಡೆ ಇನ್ನೂ ಇದೆ. ಹಿರಿಯರು ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಆ ಕೋಣೆಯಲ್ಲಿ ಹತ್ತು ದಿನದ ಕೂಸಿನ ಪುಟ್ಟ ಶ್ವಾಸಕೋಶ ಇರುತ್ತದೆ. ಅತ್ತೆಗೋ ಅಜ್ಜಿಗೋ ಎದುರು ಮಾತಾಡಲು ಸೊಸೆಗೆ ಆಗದಿರಬಹುದು. ಅಂಥ ಮನೆಯಲ್ಲಿ ಈ ಮಾತನ್ನು ಮಗನೇ ಹೇಳಬೇಕು.

ಒಂದೇ ಕೋಣೆಯಲ್ಲಿದ್ದ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಂತಿ, ತೂಕಡಿಕೆ ಬಂದರೆ ಅದನ್ನು ಪಿತ್ತ ಅಂದುಕೊಳ್ಳಬೇಡಿ. ಮೊದಲು ಎಲ್ಲರನ್ನೂ ಬಯಲಿಗೆ ತನ್ನಿ. ಆಮೇಲೆ 108ಕ್ಕೆ ಫೋನ್ ಮಾಡಿ. ಹೊರಗೆ ಬಂದ ಮೇಲೆ ಆರಾಮ ಅನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ಕೆಂಡ ಇಟ್ಟಿದ್ದೆವು ಅಂತ ವೈದ್ಯರಿಗೆ ನೀವಾಗಿಯೇ ಹೇಳಿ. ಅವರು ಕೇಳುವವರೆಗೆ ಕಾಯಬೇಡಿ.

ಬಚ್ಚಲುಮನೆಯ ಗ್ಯಾಸ್ ಗೀಸರ್‌ನ ಕಥೆಯೂ ಇದೇ. ಅದು ಬಚ್ಚಲಿನ ಹೊರಗೆ, ಗಾಳಿ ಆಡುವ ಕಡೆ ಇರಬೇಕು. ಒಳಗೇ ಕೂರಿಸಿದ್ದರೆ, ಬಾಗಿಲು ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಬಂದ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಸ್ನಾನಕ್ಕೆ ಹೋಗಿ. ಗ್ಯಾಸ್ ಸೋರಿದ ವಾಸನೆ ಬಂದರೆ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಲೈಟ್ ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಎರಡನೆಯದು: ಮನೆಯೆಲ್ಲ ಕಾಯಿಸಬೇಡಿ, ಒಂದು ಕೋಣೆ ಆರಿಸಿಕೊಳ್ಳಿ

ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದ ಕಿಟಕಿ, ದಕ್ಷಿಣದ ಗೋಡೆ ಇರುವ ಕೋಣೆಗೆ ದಿನವಿಡೀ ಬಿಸಿಲು ಬೀಳುತ್ತದೆ. ಹಿರಿಯರ ಹೊರಸನ್ನು ಈ ವಾರದ ಮಟ್ಟಿಗೆ ಆ ಕೋಣೆಗೆ ಸಾಗಿಸಿ. ದೇವರ ಮನೆ ಪಕ್ಕದ ಕೋಣೆಯೇ ಬೇಕು ಅಂತ ನಮ್ಮ ಅವ್ವ ಹಟ ಹಿಡಿದಿದ್ದಳು. ಎರಡು ದಿನ ಬಿಸಿಲಿನ ಕೋಣೆಯಲ್ಲಿ ಕೂತ ಮೇಲೆ ಅವಳೇ ವಾಪಸ್ ಹೋಗಲು ಒಪ್ಪಲಿಲ್ಲ.

ಬೆಳಿಗ್ಗೆ ಒಂಬತ್ತರ ಸುಮಾರಿಗೆ ಪರದೆ ಸರಿಸಿ ಬಿಸಿಲು ಒಳಗೆ ಬಿಡಿ. ಸಂಜೆ ಐದಕ್ಕೆ ಪರದೆ ಎಳೆಯಿರಿ. ಪರದೆ ತೆಳ್ಳಗಿದ್ದರೆ ಅದರ ಹಿಂದೆ ಒಂದು ಹಳೆ ಚಾದರ ತೂಗು ಹಾಕಿ. ಗಾಜಿನಿಂದ ಒಳಬರುವ ಥಂಡಿ ಎಷ್ಟೋ ಅಲ್ಲೇ ನಿಲ್ಲುತ್ತದೆ.

ನಮ್ಮ ಮನೆಗಳಲ್ಲಿ ಥಂಡಿ ಹತ್ತುವುದು ಜಾಸ್ತಿ ಕಾಲಿನಿಂದ. ಪರ್ಶಿ ಕಲ್ಲು, ಟೈಲ್ಸ್ ಎರಡೂ ರಾತ್ರಿ ಮಂಜುಗಡ್ಡೆಯಂತೆ ಆಗುತ್ತವೆ. ಓಡಾಡುವ ಜಾಗದಲ್ಲೆಲ್ಲ ಜಮಖಾನೆಯನ್ನೋ ಚಾಪೆಯನ್ನೋ ಹಾಸಿ. ಅಂಚು ಮಡಿಚಿಕೊಂಡು ಹಿರಿಯರು ಎಡವದಂತೆ ನೋಡಿಕೊಳ್ಳಿ. ಹೊರಸನ್ನು ಹೊರಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ. ಗೋಡೆಗೆ ಒರಗಿ ಮಲಗಿದರೆ ಬೆನ್ನಿನ ಕಾವನ್ನೆಲ್ಲ ಗೋಡೆಯೇ ಹೀರುತ್ತದೆ.

ಕೋಣೆಯಲ್ಲಿ ಒಂದು ಸಣ್ಣ ಥರ್ಮಾಮೀಟರ್ ತೂಗು ಹಾಕಿದರೆ ಒಳ್ಳೆಯದು. ಮನೆಯೊಳಗೆ 18 ಡಿಗ್ರಿಗಿಂತ ಕಡಿಮೆ ಆಗಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಅದಕ್ಕಿಂತ ಇಳಿದರೆ ಕರೆಂಟ್ ಹೀಟರ್ ಹಚ್ಚಿ. ಅದರಿಂದ ಕೆಂಡದ ವಿಷ ಬರುವುದಿಲ್ಲ, ಆದರೆ ಬೆಂಕಿಯ ಭಯ ಇದ್ದೇ ಇದೆ. ಕೌದಿ, ಪರದೆ, ಸೀರೆಯ ಸೆರಗಿನಿಂದ ಒಂದು ಮೀಟರ್ ದೂರ ಇರಲಿ. ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬೇಡಿ, ಗೋಡೆಯ ದೊಡ್ಡ ಸಾಕೆಟ್ಟಿಗೇ ಹಾಕಿ. 2000 ವ್ಯಾಟಿನ ಹೀಟರ್ ಒಂದು ಗಂಟೆಗೆ 2 ಯೂನಿಟ್ ತಿನ್ನುತ್ತದೆ. ಇಡೀ ರಾತ್ರಿ ಉರಿಸುವ ಅಗತ್ಯವೂ ಇಲ್ಲ. ಮಲಗುವ ಮೊದಲು ಒಂದು ಗಂಟೆ ಕಾಯಿಸಿ, ಹಾಸಿಗೆಗೆ ಹೋಗುವಾಗ ಬಂದ್ ಮಾಡಿ. ಆಮೇಲಿನ ಕೆಲಸ ಕೌದಿಯದು.

ಮೂರನೆಯದು: ಕೌದಿಗಳನ್ನು ಹೊರಗೆ ತೆಗೆಯಿರಿ

ಕೌದಿಯ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಹಳೆ ಇಳಕಲ್ಲ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಒತ್ತೊತ್ತಾಗಿ ದಾರ ಹಾಕಿ ಹೊಲಿದ ಕೌದಿ. ಪದರ ಪದರದ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೈಯ ಕಾವು ಹೊರಹೋಗದಂತೆ ಹಿಡಿಯುವುದು ಆ ಗಾಳಿಯೇ. ಅದಕ್ಕೇ ಒಂದು ದಪ್ಪ ರಗ್ಗಿಗಿಂತ ಎರಡು ತೆಳು ಕೌದಿ ಹೆಚ್ಚು ಬೆಚ್ಚಗೆ. ಮೈಗೆ ಹಾಕುವ ಬಟ್ಟೆಗೂ ಇದೇ ಲೆಕ್ಕ. ಒಳಗೆ ಹತ್ತಿಯ ಬನಿಯನ್, ಅದರ ಮೇಲೆ ಅಂಗಿ, ಅದರ ಮೇಲೆ ಸ್ವೆಟರ್.

ಥಂಡಿ ಬರುವ ಮೊದಲೇ ಕೌದಿಗಳನ್ನು ಎರಡು ದಿನ ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿಯಿರಿ. ತೇವವಿದ್ದ ಬಟ್ಟೆ ಗಾಳಿ ಹಿಡಿಯುವುದಿಲ್ಲ, ಬೆಚ್ಚಗೂ ಇಡುವುದಿಲ್ಲ. ಮೇಲೆ ಹೊದೆಯುವಷ್ಟೇ ಕೆಳಗೆ ಹಾಸುವುದೂ ಮುಖ್ಯ. ಹೊರಸಿನ ನುಲಿಯ ಸಂದಿನಿಂದ ಕೆಳಗಿನ ಥಂಡಿ ಏರುತ್ತದೆ. ಹಾಸಿಗೆಯ ಕೆಳಗೆ ಒಂದು ಕಂಬಳಿ ಹಾಸಿ. ಕುರಿ ಉಣ್ಣೆಯ ಕಂಬಳಿ ಚುಚ್ಚುತ್ತದೆ ಅಂತ ಹೊದೆಯಲು ಬೇಡವೆನ್ನುವವರಿಗೆ ಇದೇ ಸರಿ.

ಬಿಸಿನೀರಿನ ಚೀಲ ಒಳ್ಳೆಯದು. ಕುದಿಯುವ ನೀರು ಹಾಕಬೇಡಿ. ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ತುಂಬಿ, ಗಾಳಿ ಒತ್ತಿ ತೆಗೆದು ಮುಚ್ಚಿ, ಟವೆಲ್ಲಿನಲ್ಲಿ ಸುತ್ತಿ. ಸಕ್ಕರೆ ಕಾಯಿಲೆ ಇದ್ದವರ ಪಾದಕ್ಕೆ ಬಿಸಿ ಗೊತ್ತಾಗುವುದಿಲ್ಲ, ಸುಟ್ಟು ಬೊಬ್ಬೆ ಬಂದ ಮೇಲೆಯೇ ತಿಳಿಯುವುದು. ಅವರ ಹಾಸಿಗೆಯಲ್ಲಿ ಚೀಲವನ್ನು ಹದಿನೈದು ನಿಮಿಷ ಮೊದಲೇ ಇಟ್ಟು, ಅವರು ಮಲಗುವಾಗ ತೆಗೆದುಬಿಡಿ. ಕಾಲಿಗೆ ಕಾಲುಚೀಲ, ತಲೆಗೆ ಮಫ್ಲರ್ ಸಾಕು.

ನಾಲ್ಕನೆಯದು: ಒಂದು ದಿನದ ಸಂತೆ

ಮುನ್ಸೂಚನೆ ಬಂದ ದಿನವೇ ಮಧ್ಯಾಹ್ನ ಒಂದು ಸಲ ಹೊರಗೆ ಹೋಗಿ ಬನ್ನಿ. ಮೊದಲು ಔಷಧಿ ಅಂಗಡಿ. ಬಿಪಿ, ಶುಗರ್, ಹೃದಯದ ಗುಳಿಗೆ, ದಮ್ಮಿನವರಿಗೆ ಇನ್‌ಹೇಲರ್, ಹತ್ತು ದಿನಕ್ಕೆ ಆಗುವಷ್ಟು. ಜ್ವರ ನೋಡುವ ಥರ್ಮಾಮೀಟರ್ ಕೆಲಸ ಮಾಡುತ್ತಿದೆಯಾ ಅಂತ ಈಗಲೇ ನೋಡಿ.

ಊಟದ ವಿಷಯಕ್ಕೆ ಬಂದರೆ, ನಮ್ಮ ಸೀಮೆಯ ಅಡುಗೆಮನೆ ಇಂಥ ದಿನಗಳಿಗಾಗಿಯೇ ಇದ್ದಂತಿದೆ. ಖಡಕ್ ರೊಟ್ಟಿ ಒಂದು ಡಬ್ಬಿ ಬಡಿದಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಇದ್ದರೆ ಪಲ್ಯ ಇಲ್ಲದ ದಿನವೂ ಊಟ ಸಾಗುತ್ತದೆ. ಮೂರರಲ್ಲೂ ಎಣ್ಣೆಯ ಅಂಶ ಜಾಸ್ತಿ, ಹೊಟ್ಟೆಗೆ ಹೆಚ್ಚು ಹೊತ್ತು ಆಸರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ಎಳ್ಳ ಅಮಾವಾಸ್ಯೆ, ಸಂಕ್ರಮಣದ ಸುತ್ತಮುತ್ತ ಮಾಡುವುದು ಸುಮ್ನೆ ಅಲ್ಲ. ಬಿಸಿ ಸಜ್ಜಿ ರೊಟ್ಟಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಬದನೆಕಾಯಿ ಎಣ್ಣೆಗಾಯಿ. ಇದು ಒಂದು ಹೊತ್ತು. ಇನ್ನೊಂದು ಹೊತ್ತು ಹುರಳಿ ಕಟ್ಟಿನ ಸಾರು, ಜೋಳದ ನುಚ್ಚು. ಹಲ್ಲಿಲ್ಲದ ಹಿರಿಯರಿಗೆ ನುಚ್ಚೇ ಹಿತ.

ಗೋಕಾಕದ ಕರದಂಟೋ ಅಮೀನಗಡದ ಕರದಂಟೋ ಒಂದು ಡಬ್ಬಿ ಇರಲಿ. ಅಂಟು, ಕೊಬ್ಬರಿ, ಬೆಲ್ಲ, ಒಣಹಣ್ಣು ಎಲ್ಲ ಇರುತ್ತದೆ. ಸಂಜೆ ಒಂದು ತುಂಡು ಸಾಕು. ಶುಗರ್ ಇದ್ದವರಿಗೆ ಇದು ಬೇಡ, ಅವರಿಗೆ ಹುರಿದ ಶೇಂಗಾ ಕೊಡಿ.

ಥಂಡಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಪದೇ ಪದೇ ಎದ್ದು ಹೋಗಬೇಕಾಗುತ್ತದೆಂದು ಹಿರಿಯರು ನೀರನ್ನೇ ಬಿಡುತ್ತಾರೆ. ಒಂದು ಥರ್ಮಾಸಿನಲ್ಲಿ ಬಿಸಿನೀರು ತುಂಬಿ ಹೊರಸಿನ ಪಕ್ಕ ಇಡಿ. ಶುಂಠಿ, ಮೆಣಸು, ಕೊತ್ತಂಬರಿ ಕಾಳು ಜಜ್ಜಿ ಹಾಕಿದ ಕಷಾಯ ದಿನಕ್ಕೆ ಎರಡು ಸಲ. ಮೈ ಬೆಚ್ಚಗಾಗಲಿ ಅಂತ ಗಂಡಸರು ಮದ್ಯ ಕುಡಿಯುವುದುಂಟು. ಅದು ಮೈಯನ್ನು ಬೆಚ್ಚಗೆ ಮಾಡುವುದಿಲ್ಲ. ಚರ್ಮದ ಕೆಳಗಿನ ರಕ್ತನಾಳ ಹಿಗ್ಗಿ, ಒಳಗಿನ ಕಾವು ಹೊರಗೆ ಹೋಗುತ್ತದೆ. ಬೆಚ್ಚಗಾಯಿತು ಅನ್ನಿಸುವಾಗಲೇ ಮೈ ತಣ್ಣಗಾಗುತ್ತಿರುತ್ತದೆ.

ಸೀತನಿ ಸಿಕ್ಕರೆ ಬಿಡಬೇಡಿ. ಎಳೆ ಜೋಳದ ತೆನೆಯನ್ನು ಹೊಲದಲ್ಲೇ ಸುಟ್ಟು ಉದುರಿಸಿ ಯಾರಾದರೂ ತಂದುಕೊಟ್ಟರೆ, ಬೆಲ್ಲದ ಜೊತೆಗೋ ಶೇಂಗಾ ಹಿಂಡಿಯ ಜೊತೆಗೋ ಮನೆಮಂದಿಯೆಲ್ಲ ಸುತ್ತ ಕೂತು ತಿನ್ನಬೇಕು.

ಐದನೆಯದು: ಹಿರಿಯರ ದಿನಚರಿ ಬದಲಿಸಿ

ಬೆಳಗಿನ ಐದಕ್ಕೆ ಎದ್ದು ವಾಕಿಂಗ್ ಹೊರಡುವ ಅಜ್ಜಂದಿರು ನಮ್ಮೂರಲ್ಲಿ ಬಹಳ. ಒಂದು ದಿನವೂ ತಪ್ಪಿಸಲು ಅವರಿಗೆ ಮನಸ್ಸಿಲ್ಲ. ಆದರೆ ಥಂಡಿಗೆ ರಕ್ತನಾಳ ಸಂಕುಚಿಸಿ ಬಿಪಿ ಏರುತ್ತದೆ, ಹೃದಯದ ಮೇಲೆ ಭಾರ ಬೀಳುತ್ತದೆ. ಬೆಳಗಿನ ಜಾವವೇ ಅತಿ ಥಂಡಿಯ ಹೊತ್ತು. "ಅಪ್ಪಾರ, ವಾಕಿಂಗ್ ಬ್ಯಾಡ ಅನ್ನಂಗಿಲ್ಲ ನಾ, ಬಿಸಲ ಬಂದ ಮ್ಯಾಲ ಹೋಗೂಣು" ಅನ್ನಿ. ಬೇಡ ಅಂದರೆ ಕೇಳದವರು, ಹೊತ್ತು ಬದಲಿಸೋಣ ಅಂದರೆ ಕೇಳುತ್ತಾರೆ. ನಮ್ಮ ಪಕ್ಕದ ಮನೆಯ ಅಜ್ಜನ ವಿಷಯದಲ್ಲಿ ಹೀಗೇ ಆಯಿತು.

ಏಳುವಾಗ ಎದ್ದಕೂಡಲೇ ಕೆಳಗಿಳಿಯುವುದು ಬೇಡ. ಹಾಸಿಗೆಯಲ್ಲೇ ಎರಡು ನಿಮಿಷ ಕೂತು, ಕೈಕಾಲು ಆಡಿಸಿ, ಸ್ವೆಟರ್ ಹಾಕಿಕೊಂಡು ಇಳಿಯಲಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ದೀಪ ಉರಿಯುತ್ತಿರಲಿ.

ಸ್ನಾನವನ್ನು ಹನ್ನೊಂದು, ಹನ್ನೆರಡಕ್ಕೆ ದೂಡಿ. ಸ್ನಾನವಾಗದೆ ಪೂಜೆ ಮಾಡೆನು, ಪೂಜೆಯಾಗದೆ ಉಣ್ಣೆನು ಅನ್ನುವ ಹಿರಿಯರಿದ್ದರೆ ಅವರಿಗೆ ಬೇಗ ಏನಾದರೂ ಹೊಟ್ಟೆಗೆ ಹೋಗುವಂತೆ ಮೊದಲೇ ಒಪ್ಪಿಸಿ. ಗುಳಿಗೆ ನುಂಗುವವರಿಗೆ ಇದು ಬಹಳ ಮುಖ್ಯ. ಬಕೆಟ್ಟಿನಲ್ಲಿ ರಾಡ್ ಹಾಕಿ ನೀರು ಕಾಯಿಸುವವರು, ರಾಡನ್ನು ನೀರಲ್ಲಿ ಮುಳುಗಿಸಿದ ಮೇಲೆಯೇ ಸ್ವಿಚ್ ಹಾಕಿ. ಸ್ವಿಚ್ ತೆಗೆದು, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ. ಮಕ್ಕಳು ಬಚ್ಚಲ ಹತ್ತಿರ ಸುಳಿಯದಿರಲಿ.

ಇನ್ನು ಲಕ್ಷಣಗಳು. ಮೈ ಕಾವು 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಅದು ಆಪತ್ತು. ಮೊದಲು ನಡುಕ. ಆಮೇಲೆ ಮಾತು ತೊದಲುವುದು, ಗೊಂದಲ, ತೂಕಡಿಕೆ. ವಯಸ್ಸಾದವರಲ್ಲಿ ನಡುಕವೇ ಕಾಣಿಸದೆ ಇರಬಹುದು. ನಡುಗುತ್ತಿದ್ದವರು ನಡುಗುವುದು ನಿಲ್ಲಿಸಿ ಮಂಕಾದರೆ ಆರಾಮ ಆದರು ಅಂದುಕೊಳ್ಳಬೇಡಿ. ಅಂಗೈಯನ್ನು ಅವರ ಹೊಟ್ಟೆಯ ಮೇಲಿಡಿ. ಕೈಕಾಲು ತಣ್ಣಗಿರುವುದು ಸಹಜ, ಹೊಟ್ಟೆಯೂ ತಣ್ಣಗಿದ್ದರೆ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ಒದ್ದೆ ಬಟ್ಟೆ ತೆಗೆದು, ಎದೆ, ಬೆನ್ನು ಮೊದಲು ಸುತ್ತಿ. ಕೈಕಾಲು ತಿಕ್ಕುವುದು, ಬಿಸಿನೀರಿನಲ್ಲಿ ಅದ್ದುವುದು ಬೇಡ. ಪೂರ್ತಿ ಎಚ್ಚರವಿದ್ದರೆ ಮಾತ್ರ ಬೆಚ್ಚನೆಯ ಸಿಹಿ ಹಾಲು ಕುಡಿಸಿ.

ಎದೆ ಹಿಡಿದಂತಾಗುವುದು, ಎಡಗೈಗೋ ದವಡೆಗೋ ನೋವು ಹರಿಯುವುದು, ತಣ್ಣನೆ ಬೆವರು ಬಂದರೆ ಗ್ಯಾಸ್ಟ್ರಿಕ್ ಅಂತ ಕೂರಬೇಡಿ. ಮುಖ ಸೊಟ್ಟಗಾಗುವುದು, ಒಂದು ಕೈ ಎತ್ತಲು ಆಗದಿರುವುದು, ಮಾತು ತಡವರಿಸುವುದು ಲಕ್ವದ ಗುರುತು. ಎರಡಕ್ಕೂ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ.

ಕೂಸು, ದನಕರು, ನೆರೆಹೊರೆ

ಎಳೆಗೂಸಿಗೆ ಎಲ್ಲಕ್ಕಿಂತ ಬೆಚ್ಚನೆಯ ಜಾಗ ತಾಯಿಯ ಎದೆ. ಮೈಗೆ ಮೈ ತಾಗಿಸಿ ಮಲಗಿಸಿಕೊಂಡು ಮೇಲೆ ಹೊದೆಸಿದರೆ ಕೂಸಿನ ಕಾವು ಇಳಿಯುವುದಿಲ್ಲ. ತೂಕ ಕಡಿಮೆ ಇರುವ ಕೂಸುಗಳಿಗೆ ಆಸ್ಪತ್ರೆಯಲ್ಲೂ ಇದನ್ನೇ ಮಾಡಿಸುತ್ತಾರೆ. ಕೂಸಿನ ಮುಖದ ಮೇಲೆ ಕೌದಿ ಬರದಂತೆ ನೋಡಿ. ಎಣ್ಣೆ ಸ್ನಾನ ದಿನಾ ಬೇಡ. ಕೂಸು ಹಾಲು ಕುಡಿಯುವುದು ಬಿಟ್ಟು ಮಂಕಾಗಿ ಮಲಗಿದರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಹಳ್ಳಿಯಲ್ಲಿರುವವರು ಎತ್ತು, ಎಮ್ಮೆ, ಆಡುಗಳನ್ನು ರಾತ್ರಿ ಗಾಳಿಗೆ ಬಿಡಬೇಡಿ. ಗಾಳಿ ಬೀಸುವ ಕಡೆಗೆ ಗೋಣಿತಟ್ಟು ಕಟ್ಟಿ, ಕೆಳಗೆ ಒಣ ಕಣಕಿ ಹಾಸಿ. ಕರುಗಳ ಬೆನ್ನಿಗೆ ಒಂದು ಗೋಣಿಚೀಲ ಹೊದೆಸಿ.

ನಿಮ್ಮ ಓಣಿಯಲ್ಲಿ ಒಬ್ಬರೇ ಇರುವ ಅಜ್ಜ ಅಜ್ಜಿಯರಿದ್ದರೆ ದಿನಕ್ಕೆ ಎರಡು ಸಲ ಬಾಗಿಲು ತಟ್ಟಿ ಮಾತಾಡಿಸಿ. ಕಟ್ಟಡ ಕೆಲಸಕ್ಕೆ ಬಂದವರು, ಕಾವಲುಗಾರರು ಸಣ್ಣ ಶೆಡ್ಡುಗಳಲ್ಲಿ ಇದ್ದಿಲು ಹೊತ್ತಿಸಿಕೊಂಡೇ ಮಲಗುತ್ತಾರೆ. ಅವರ ಬಳಿ ಕೌದಿ ಇರುವುದಿಲ್ಲ, ಅದಕ್ಕೇ ಕೆಂಡ. ಕೆಂಡ ಇಡಬೇಡಿ ಅಂತ ಬರೀ ಹೇಳಿ ಬಂದರೆ ಆಗುವುದಿಲ್ಲ. ಮನೆಯಲ್ಲಿ ಮಡಿಚಿಟ್ಟ ಕೌದಿ ಇದ್ದರೆ ಅದನ್ನು ಕೊಟ್ಟು ಹೇಳಿ.

ಮಲಗುವ ಮುನ್ನ

ಆ ಜನವರಿಯ ನಂತರ ಪ್ರತಿ ಥಂಡಿಯ ರಾತ್ರಿ ನಾನು ಮನೆಯಲ್ಲಿ ಒಂದು ಸುತ್ತು ಹಾಕುತ್ತೇನೆ. ಐದು ನಿಮಿಷದ ಕೆಲಸ. ಗ್ಯಾಸ್ ಬಂದ್. ಹೀಟರಿನ ಪ್ಲಗ್ ಕಿತ್ತಿದೆ. ಥರ್ಮಾಸಿನಲ್ಲಿ ಬಿಸಿನೀರು ಇದೆ. ಅವ್ವನ ಕಾಲುಚೀಲ ಒಣಗಿದೆ. ಫೋನ್ ಚಾರ್ಜ್ ಆಗಿ ಕೈಗೆಟಕುವ ಹಾಗೆ ಇದೆ. ಬಚ್ಚಲ ದಾರಿಯ ದೀಪ ಉರಿಯುತ್ತಿದೆ. ಕೊನೆಗೆ ಅವ್ವನ ಕೋಣೆಯ ಕಿಟಕಿಯನ್ನು, ಅವಳ ತಲೆಗೆ ಗಾಳಿ ಬಡಿಯದ ಕಡೆಯದನ್ನು, ಎರಡು ಬೆರಳು ಜರುಗಿಸುತ್ತೇನೆ. "ಥಂಡಿ ಬರ್ತದಲ್ಲವ್ವ" ಅನ್ನುತ್ತಾಳೆ ಪ್ರತಿ ಸಲ. ನಾನು ಇನ್ನೊಂದು ಕೌದಿ ತಂದು ಹೊದೆಸುತ್ತೇನೆ.